ಹುಳ ಹಿಡಿಯುವ ಆಟ ಮತ್ತು ಈ ವರ್ಷದ ಗೊಂಬೆ

ಐವತ್ತರ ಹತ್ತಿರ ಬಂದ ಹೆಂಗಸು ವಿಡಿಯೋ ಗೇಮ್ ಆಡುತ್ತಾಳೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಅವರ ಮುಖದಲ್ಲಿ ಒಂಥರಾ ಕನಿಕರ ಬರುತ್ತದೆ. ನಗಲಿ ಬಿಡಿ, ಕನಿಕರ ಮಾತ್ರ ಬೇಡ. ದಿನವಿಡೀ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕಿ, ಸಂಜೆ 290 ಹೈವೇಯ ಟ್ರಾಫಿಕ್ಕಿನಲ್ಲಿ ಬ್ರೇಕ್ ಒತ್ತಿ ಒತ್ತಿ ನಮ್ಮ ಮನೆಯಿರುವ ಸೈಪ್ರೆಸ್‌ಗೆ ಬಂದು, ಗ್ಯಾರೇಜ್ ಬಾಗಿಲು ಇಳಿಸಿದ ಮೇಲೆ ನನಗೆ ಕಾರಿನಿಂದ ಇಳಿಯಲಿಕ್ಕೂ ಬೇಜಾರು. ಎಷ್ಟೋ ಸಲ ಇಂಜಿನ್ ಆಫ್ ಮಾಡಿ ಅಲ್ಲೇ ಕೂತು ಆಟ ತೆಗೆದಿದ್ದೇನೆ. ಒಳಗೆ ಹೋದರೆ ತೊಳೆಯದ ಪಾತ್ರೆ ಇದೆ, ಮಡಿಸದ ಬಟ್ಟೆ ಇದೆ, ಯಾರೂ ಇಲ್ಲದ ನಾಲ್ಕು ಬೆಡ್‌ರೂಮ್ ಇವೆ.

ನಾವು ಮೂರೇ ಜನ, ಆದರೆ ಮೂರು ಊರು. ಎಲ್ಲರೂ ಆಫೀಸಿಗೆ ಬಂದೇ ಕೆಲಸ ಮಾಡಬೇಕು ಎಂದು ಗಂಡನ ಕಂಪನಿಯವರು ಹಠ ಹಿಡಿದಾಗಿನಿಂದ ಅವರು ಡಾಲಸ್ ಕಡೆ ಮೆಕಿನ್ನಿಯಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟ್ ಮಾಡಿಕೊಂಡಿದ್ದಾರೆ. ಶುಕ್ರವಾರ ಸಂಜೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮಗಳು ಆಸ್ಟಿನ್‌ನಲ್ಲಿ ಕಾಲೇಜು, ಎರಡನೆಯ ವರ್ಷ. ಮೂರು ಫ್ರಿಜ್, ಮೂರು ಕಡೆ ಹುಳಿ ಬರುವ ಮೊಸರು. ಧಾರವಾಡದವರಾದ ನನ್ನ ಗಂಡ ಫೋನ್ ಮಾಡಿದಾಗೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. "ಏನವಾ, ಎಷ್ಟ ಹುಳಾ ಹಿಡದಿ ಇವತ್ತ?"

ಅವರ ಬಾಯಲ್ಲಿ ಅದು ಹುಳ ಹಿಡಿಯುವ ಆಟ. ಹುಳ ಅಲ್ಲ, ಪ್ರಾಣಿ ಎಂದು ನಾನು ತಿದ್ದಿ ತಿದ್ದಿ ಸೋತೆ. ಈಗ ನಾನೂ ಹುಳ ಎಂದೇ ಹೇಳುತ್ತೇನೆ.

ಕೈಯಲ್ಲಿ ಹಿಡಿದು ಆಡುವ ಯಂತ್ರ ಮಗಳದ್ದು. ಕಾಲೇಜಿಗೆ ಹೊರಟಾಗ ತನಗೊಂದು ಹೊಸದು ತೆಗೆದುಕೊಂಡು, ಹಳೆಯದನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, "ಅಮ್ಮ, ಯೂ ನೀಡ್ ದಿಸ್ ಮೋರ್ ದ್ಯಾನ್ ಮಿ" ಅಂದಳು. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನಮ್ಮ ಮನೆಯ ವ್ಯವಹಾರ ಮೊದಲಿಂದ ಹೀಗೇ. ಮೊದಲ ವಾರ ನನ್ನ ಆಟದ ಹುಡುಗಿ ಗೋಡೆಗೆ ಮೂಗು ಒತ್ತಿಕೊಂಡು ಓಡುತ್ತಲೇ ಇದ್ದಳು, ಇಲ್ಲವೇ ಬಂಡೆಯಿಂದ ಬೀಳುತ್ತಿದ್ದಳು. ಮಗಳು ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು.

ಆಟವೇನೆಂದರೆ ಒಂದು ದೊಡ್ಡ ದ್ವೀಪ. ಹುಲ್ಲುಗಾವಲು, ಕಾಡು, ಹಿಮದ ಬೆಟ್ಟ, ಉತ್ತರಕ್ಕೆ ಒಂದು ಕೆರೆ. ಎಲ್ಲಿಗೆ ಬೇಕಾದರೂ ಹೋಗಬಹುದು, ಬೇಡ ಎನ್ನುವವರಿಲ್ಲ. ಹುಲ್ಲಿನಲ್ಲಿ ವಿಚಿತ್ರ ಪ್ರಾಣಿಗಳು ಓಡಾಡಿಕೊಂಡಿರುತ್ತವೆ. ಬಾಲದಲ್ಲಿ ಬೆಂಕಿ ಇರುವ ನರಿ, ಬೆನ್ನ ಮೇಲೆ ಪಾಚಿ ಬೆಳೆದ ಆಮೆ, ಕಿವಿಯನ್ನೇ ರೆಕ್ಕೆ ಮಾಡಿಕೊಂಡ ಮೊಲ. ಬಗ್ಗಿ ಸದ್ದಿಲ್ಲದೆ ಹೋಗಿ, ಹಣ್ಣು ತೋರಿಸಿ, ನಂಬಿದಾಗ ಸಣ್ಣ ಬಲೆ ಬೀಸಬೇಕು. ಸಿಕ್ಕಿದರೆ ಅದು ನಮ್ಮ ಜೊತೆಗಾರ. ನಮ್ಮ ಬಿಡಾರದಲ್ಲಿ ಇರುತ್ತದೆ, ಹಣ್ಣು ತಿನ್ನುತ್ತದೆ, ನಾವು ಗುಂಡಿ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಮುದುಡಿ ಮಲಗುತ್ತದೆ. ಇಷ್ಟೇ.

ದೋಷ ಹುಡುಕುವುದೇ ನನ್ನ ಕಸುಬಾದ್ದರಿಂದ ಹೇಳಿಬಿಡುತ್ತೇನೆ, ಆಟದಲ್ಲಿ ತಪ್ಪು ಬೇಕಾದಷ್ಟಿದೆ. ದೂರದ ಮರಗಳು ಹತ್ತಿರ ಹೋಗುವ ತನಕ ಇರುವುದಿಲ್ಲ, ಆಮೇಲೆ ದಿಢೀರ್ ಅಂತ ಎದ್ದು ನಿಲ್ಲುತ್ತವೆ. ಊರಿನವರಿಗೆಲ್ಲ ಒಂದೇ ಮುಖ. ಮಳೆ ಬಂದರೆ ಛಾವಣಿಯ ಒಳಗೂ ಬರುತ್ತದೆ. ನಮ್ಮ ಆಫೀಸಿನಲ್ಲಾಗಿದ್ದರೆ ಇದನ್ನು ಬಿಡುಗಡೆ ಮಾಡಲು ನಾನು ಬಿಡುತ್ತಿರಲಿಲ್ಲ. ಆದರೂ ಸೈಪ್ರೆಸ್‌ನಲ್ಲಿ ನಡೆಯುವುದಕ್ಕೆ ಎಲ್ಲಿದೆ ಜಾಗ? ಎಲ್ಲಿಗೆ ಹೋದರೂ ಕಾರು. ಹಾಲಿಗೂ ಕಾರು, ಕರಿಬೇವಿಗೂ ಕಾರು. ಆ ದ್ವೀಪದಲ್ಲಿ ನಾನು ನಡೆಯುತ್ತೇನೆ, ಸುಮ್ಮನೆ. ನೋಯುವ ಮಂಡಿ ಅಲ್ಲಿ ನೋಯುವುದಿಲ್ಲ.

ಆಟಕ್ಕೊಂದು ಕಥೆಯೂ ಇದೆಯಂತೆ, ಲೋಕವನ್ನು ಉಳಿಸಬೇಕಂತೆ. ಮೊದಲನೆಯ ಹಳ್ಳಿಯಲ್ಲಿ ಒಬ್ಬ ಮುದುಕ ನನಗೆ ಏನೋ ತುರ್ತು ಸುದ್ದಿ ಹೇಳಲು ನಿಂತಿದ್ದಾನೆ. ವರ್ಷದ ಮೇಲಾಯಿತು, ನಾನಿನ್ನೂ ಮಾತಾಡಿಸಿಲ್ಲ. ಆಫೀಸಿನಲ್ಲಿ ತುರ್ತು ಅಲ್ಲದ ಸುದ್ದಿಯೇ ಇಲ್ಲ, ಇಲ್ಲೂ ಬೇಕಾ? ಇದನ್ನು ಗಂಡನಿಗೆ ಹೇಳಿದರೆ, "ಲೋಕಾ ಉಳಸೂದು ಹಾಳಾಗಿ ಹೋಗ್ಲಿ, ಅನ್ನಾನರ ಮಾಡ್ಕೊಂಡ ಉಣ್ಣು" ಅಂದರು.

ನನಗೆ ಈ ಆಟ ಹಿಡಿಸಿದ್ದು ಗೊಂಬೆಯಿಂದ. ನಾನು ಮೈಸೂರಿನವಳು. ನವರಾತ್ರಿ ಬಂತೆಂದರೆ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಗೊಂಬೆ ಕೂರಿಸುವುದು. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಬೇಕು. ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆ, ಅಂದರೆ ಮದುವೆಯಲ್ಲಿ ತವರಿನವರು ಕೊಡುವ ಮರದ ರಾಜ ರಾಣಿ. ಕೆಳಗಿನ ಸಾಲು ಮಕ್ಕಳದ್ದು, ಅಲ್ಲಿ ಪಾರ್ಕು, ಮೃಗಾಲಯ ಏನು ಬೇಕಾದರೂ ಮಾಡಬಹುದು. ನನ್ನ ಮಗಳು ಅಲ್ಲಿ ತನ್ನ ಪ್ಲಾಸ್ಟಿಕ್ಕಿನ ವಿಚಿತ್ರ ಪ್ರಾಣಿಗಳನ್ನೆಲ್ಲ ತಂದು ಕೂರಿಸುತ್ತಿದ್ದಳು. ಅರಿಶಿನ ಕುಂಕುಮಕ್ಕೆ ಬಂದ ಆಂಟಿಯೊಬ್ಬರು, "ಇದ್ಯಾವ ಅವತಾರಾನಮ್ಮ?" ಎಂದು ಹುಬ್ಬೇರಿಸಿದ್ದರು. ಅವಳು ಗಂಭೀರವಾಗಿ, "ದಿಸ್ ಒನ್ ಈಸ್ ವಾಟರ್ ಟೈಪ್, ಆಂಟಿ" ಅಂದಿದ್ದಳು, ನೀರಿನ ಜಾತಿಯದ್ದಂತೆ. ಹುಡುಕಿ ತರುವುದು, ಜೋಡಿಸುವುದು, ಬಂದವರಿಗೆ ತೋರಿಸುವುದು. ಗೊಂಬೆಯೂ ಆಟವೂ ಒಂದೇ ಹುಚ್ಚು.

ಹಾಗಾಗಿ ಮಗಳು ಆಸ್ಟಿನ್‌ಗೆ ಹೋದ ಮೊದಲ ವರ್ಷ ಭಾನುವಾರ ಬೆಳಗ್ಗೆ ನಾವಿಬ್ಬರೂ ಇಂಟರ್‌ನೆಟ್ ಮೂಲಕ ಅದೇ ದ್ವೀಪದಲ್ಲಿ ಸಿಗುತ್ತಿದ್ದೆವು. ನನ್ನ ಮೊದಲ ಪ್ರಾಣಿ ಹೊಟ್ಟೆ ಮುಂದಕ್ಕೆ ಬಂದ, ಎರಡು ಹೆಜ್ಜೆಗೊಮ್ಮೆ ಕೂರುವ ಕರಡಿಮರಿ. ಅದಕ್ಕೆ ಉಂಡೆ ಎಂದು ಹೆಸರಿಟ್ಟಿದ್ದೆ. ಅವಳದ್ದು ಬೂದು ಬಣ್ಣದ, ಉದ್ದ ಕಿವಿಯ ಒಂದು ಜಿಂಕೆ. ಆಟ ಶುರು ಮಾಡಿದ ದಿನ ಹಿಡಿದದ್ದನ್ನು ಈವರೆಗೂ ಪಕ್ಕದಿಂದ ಬಿಟ್ಟವಳಲ್ಲ. ಉಂಡೆ ಹಿಂದೆ ಬೀಳುವುದು, ಜಿಂಕೆ ನಿಂತು ಕಾಯುವುದು. ಅಡುಗೆಮನೆಯ ಫೋನಿನಲ್ಲಿ ಅವಳ ಧ್ವನಿ, "ಅಮ್ಮ, ಲೆಫ್ಟ್. ಯುವರ್ ಅದರ್ ಲೆಫ್ಟ್." ವಾರದಲ್ಲಿ ನನ್ನ ಸುಸ್ತು ಇಳಿಯುತ್ತಿದ್ದದ್ದು ಆ ಹೊತ್ತಿಗೆ ಮಾತ್ರ.

ಈ ವರ್ಷ ಬೇಸಿಗೆ ರಜೆ ಮುಗಿಸಿ ಹೋದ ಮೇಲೆ ಭಾನುವಾರಗಳು ನಿಂತವು. ಫೋನ್ ಮಾಡಿದರೆ ಎತ್ತಳು. "ಬ್ಯುಸಿ, ಅಮ್ಮ" ಎಂದು ಒಂದು ಮೆಸೇಜು. ಓದುವ ಹುಡುಗಿ, ಇರಲಿ ಅಂದುಕೊಂಡೆ. ಒಂದು ದಿನ ಬೆಳಗ್ಗೆ ಆಫೀಸಿನ ಕಾಫಿ ಬಿಡುವಿನಲ್ಲಿ ಸುಮ್ಮನೆ ಆಟ ತೆಗೆದೆ. ದ್ವೀಪದ ನಕಾಶೆಯ ಮೇಲೆ ನಮ್ಮವರು ಎಲ್ಲಿದ್ದಾರೆಂದು ಒಂದು ಹಸಿರು ಚುಕ್ಕೆ ತೋರಿಸುತ್ತದೆ. ಅವಳ ಚುಕ್ಕೆ ಉತ್ತರದ ಕೆರೆಯ ಹತ್ತಿರ ಇತ್ತು. ವಾರದ ನಡುವಿನ ದಿನ, ಕ್ಲಾಸಿನ ಹೊತ್ತು.

ನಡೆದುಕೊಂಡು ಹೋದೆ. ಕೆರೆಯ ದಂಡೆಯಲ್ಲಿ ಅವಳ ಆಟದ ಹುಡುಗಿ ಕೂತಿದ್ದಳು, ಪಕ್ಕದಲ್ಲಿ ಬೂದು ಜಿಂಕೆ. ಹಿಡಿಯುವುದಿಲ್ಲ, ಓಡುವುದಿಲ್ಲ, ಸುಮ್ಮನೆ ನೀರು ನೋಡುತ್ತಾ ಕೂತಿದ್ದಾಳೆ. ನಾನು ಗುಂಡಿ ಒತ್ತಿ ಕೈ ಬೀಸಿದೆ, ಅವಳು ಬೀಸಲಿಲ್ಲ. ಫೋನ್ ತೆಗೆದು ಎಲ್ಲಿದೀಯೇ ಎಂದು ಮೆಸೇಜು ಹಾಕಿದೆ. ಉತ್ತರ ಬಂತು, "ಇನ್ ಕ್ಲಾಸ್. ಟಾಕ್ ಲೇಟರ್." ಒಂದು ಕೈಯಲ್ಲಿ ಆ ಉತ್ತರ, ಇನ್ನೊಂದು ಕೈಯಲ್ಲಿ ಕೆರೆಯ ದಂಡೆಯ ಹುಡುಗಿ. ಆಟ ಹಾಗೇ ಬಿಟ್ಟು ಕ್ಲಾಸಿಗೆ ಹೋಗಿರಬಹುದಲ್ಲ ಎಂದು ಮನಸ್ಸು ಸಮಾಧಾನ ಹುಡುಕಿತು. ಆದರೆ ಬಿಟ್ಟು ಹೋಗಿದ್ದರೆ ಜಿಂಕೆ ಮುದುಡಿ ಮಲಗಿರಬೇಕಿತ್ತು. ಅದು ಎಚ್ಚರವಾಗಿತ್ತು, ನಾನು ನೋಡುತ್ತಿದ್ದಂತೆಯೇ ಅವಳ ಕೈಯಿಂದ ಒಂದು ಹಣ್ಣು ತಿಂದಿತು.

ಮರುದಿನವೂ ಹಾಗೇ. ಮುಂದಿನ ವಾರವೂ ಹಾಗೇ. ಆ ಕೂರುವುದು ನನಗೆ ಗೊತ್ತು. ಗ್ಯಾರೇಜಿನಲ್ಲಿ ಕಾರಿನಿಂದ ಇಳಿಯದೆ ನಾನು ಕೂರುತ್ತೇನಲ್ಲ, ಅದೇ ಅದು. ಆದರೆ ನನಗೆ ಐವತ್ತರ ಹತ್ತಿರ, ಅವಳಿಗೆ ಇನ್ನೂ ಇಪ್ಪತ್ತು ತುಂಬಿಲ್ಲ.

ಆಗ ನಾನು ನಮ್ಮವರು ಯಾರಾದರೂ ಮಾಡುವುದನ್ನೇ ಮಾಡಿದೆ. ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿರುವ ಗೆಳತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೈಸೂರಿನಲ್ಲಿ ಒಟ್ಟಿಗೆ ಓದಿದವಳು, ಒಳ್ಳೆಯವಳು, ಬಾಯಿ ಮಾತ್ರ ನಿಲ್ಲುವುದಿಲ್ಲ. "ಅಯ್ಯೋ, ಇಷ್ಟಕ್ಕೆಲ್ಲ ಯಾಕೆ ಯೋಚ್ನೆ ಮಾಡ್ತೀಯಾ? ಬಿಸಿಬೇಳೆ ಬಾತ್ ಮಾಡ್ತಾ ಇದೀನಿ, ಹಂಗೇ ಒಂದು ಡಬ್ಬಿ ಕೊಟ್ಟು, ನೋಡ್ಕೊಂಡು ಬರ್ತೀನಿ ಬಿಡು" ಅಂದಳು. ಡಬ್ಬಿ ಕೊಟ್ಟು ಮುಖ ನೋಡಿ ಬರುವುದು, ಅಷ್ಟೇ ಎಂದು ಒಂದು ಸಲಕ್ಕೆ ಎರಡು ಸಲ ಹೇಳಿದ್ದೆ.

ಅವಳು ಬೆಳಗ್ಗೆ ಹೋಗಿ ಬಾಗಿಲು ಬಡಿದಿದ್ದಾಳೆ. ರೂಮ್‌ಮೇಟ್ ತೆಗೆದಿದ್ದಾಳೆ. ನನ್ನ ಮಗಳು ಹಾಸಿಗೆಯಿಂದ ಎದ್ದು ಬಂದಿದ್ದಾಳೆ, ತಲೆ ಬಾಚಿಲ್ಲ. ಗೆಳತಿ ಸೋಫಾದ ಮೇಲೆ ಕೂತು, ಮೂರು ಜನ ರೂಮ್‌ಮೇಟ್‌ಗಳ ಎದುರಿಗೆ, "ಕ್ಲಾಸಿಗೆ ಹೋಗ್ತಿಲ್ವಂತಲ್ಲ ಪುಟ್ಟಿ? ಬೆಳಗ್ಗೆಯಿಂದ ಆಟ ಆಡ್ಕೊಂಡು ಕೂತಿರ್ತೀಯಂತೆ. ಅಮ್ಮ ಎಷ್ಟು ಅಳ್ತಿದಾಳೆ ಗೊತ್ತಾ?" ಎಂದು ಶುರು ಮಾಡಿದ್ದಾಳೆ. ಕನ್ನಡ ಅರ್ಥವಾಗದ ರೂಮ್‌ಮೇಟ್‌ಗಳಿಗೆ ಅನುಕೂಲವಾಗಲಿ ಎಂದು ಇಂಗ್ಲಿಷಿನಲ್ಲೂ ಹೇಳಿದ್ದಾಳೆ. ನಾನು ಅತ್ತೇ ಇರಲಿಲ್ಲ. ಅದು ಅವಳೇ ಸೇರಿಸಿದ ಒಗ್ಗರಣೆ.

ಮಗಳ ಫೋನು ಕೂಡಲೇ ಬಂತು. ತಿಂಗಳಿನಿಂದ ಕಾಯುತ್ತಿದ್ದ ಫೋನು.

"ಯೂ ಸೆಂಟ್ ಆ್ಯನ್ ಆಂಟಿ?"

"ಅಲ್ಲ ಕಣೇ, ಊಟ ಕೊಟ್ಟು ಬರ್ಲಿ ಅಂತ..."

"ಯೂ ವರ್ ವಾಚಿಂಗ್ ಮಿ. ಇನ್ ದ ಗೇಮ್. ದಟ್ ವಾಸ್ ದ ಒನ್ ಪ್ಲೇಸ್, ಅಮ್ಮ. ದ ಒನ್ ಪ್ಲೇಸ್. ಡೋಂಟ್ ಕಮ್ ಹಿಯರ್. ಪ್ಲೀಸ್."

ಅಷ್ಟೇ. ಸಂಜೆ ನಕಾಶೆ ತೆಗೆದರೆ ಹಸಿರು ಚುಕ್ಕೆ ಇರಲಿಲ್ಲ. ಕಾಣಿಸದಂತೆ ಇರುವುದಕ್ಕೂ ಆಟದಲ್ಲಿ ಒಂದು ದಾರಿ ಇದೆ, ಅವಳು ಅದನ್ನು ಹಿಡಿದಿದ್ದಳು. ಸಿಟ್ಟು ಬಂತು. ಗೆಳತಿಯ ಮೇಲೆ, ಆ ಬಿಸಿಬೇಳೆ ಬಾತಿನ ಮೇಲೆ, ನನ್ನ ಮೇಲೆ. ಆಮೇಲೆ ಸಿಟ್ಟು ಮಾಡಿಕೊಳ್ಳಲೂ ತ್ರಾಣ ಸಾಲಲಿಲ್ಲ.

ಗಂಡನಿಗೆ ಎಲ್ಲ ಹೇಳಿದೆ. ಹುಳದ ಮಾತು ಅವತ್ತು ಬರಲಿಲ್ಲ. "ನಾ ಹೊಂಟೆ ಆಸ್ಟಿನ್‌ಗೆ" ಅಂದರು. ಬೇಡ ಅಂದಿದಾಳೆ, ಈಗ ನುಗ್ಗಿದರೆ ಬಾಗಿಲೇ ಮುಚ್ಚಿಬಿಡುತ್ತಾಳೆ ಎಂದು ತಡೆದೆ. ತಡೆದದ್ದು ಸರಿಯೋ ತಪ್ಪೋ ಗೊತ್ತಿಲ್ಲದೆ ದಿನ ತಳ್ಳಿದೆ. ಅವರು ಅವಳಿಗೆ ದಿನಾ ಫೋನ್ ಮಾಡುತ್ತಿದ್ದರು. ಅವರಿಗೆ ಮಾತ್ರ ಅವಳು, "ಐ ಆಮ್ ಓಕೆ, ಅಪ್ಪ" ಎಂದು ಹೇಳಿ ಇಡುತ್ತಿದ್ದಳು. ಆ ಎರಡು ಮಾತನ್ನು ಅವರು ನನಗೆ ದಾಟಿಸುತ್ತಿದ್ದರು, ನಾನು ಅದರ ಮೇಲೆ ಆ ದಿನ ಉಸಿರಾಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಮಾರ್ಕ್ಸ್ ಅಲ್ಲ, ಕ್ಲಾಸೂ ಅಲ್ಲ. ಅವಳು ಅಮ್ಮಾ ಎಂದು ಒಂದು ಸಲ ಕರೆದರೆ ಸಾಕಾಗಿತ್ತು.

ಅಷ್ಟರಲ್ಲಿ ನವರಾತ್ರಿ ಬಂತು. ಗೊಂಬೆ ಪೆಟ್ಟಿಗೆಗಳೆಲ್ಲ ಛಾವಣಿಯಡಿಯ ಆ್ಯಟಿಕ್‌ನಲ್ಲಿ. ಮಡಚುವ ಏಣಿ ಇಳಿಸಿ, ಆ ಕಾದ ಓವನ್ನಿನಂಥ ಜಾಗಕ್ಕೆ ಹತ್ತಬೇಕು. ಏಣಿಯ ಕೆಳಗೆ ನಿಂತು ಮೇಲೆ ನೋಡಿದೆ. ಮಂಡಿ ಆಗಲ್ಲ ಅಂತು, ಮನಸ್ಸು ಯಾರಿಗೋಸ್ಕರ ಅಂತು. ಏಣಿ ಮಡಚಿಟ್ಟೆ. ದೇವರ ಮುಂದೆ ದೀಪ ಹಚ್ಚಿ ಸೋಫಾದಲ್ಲಿ ಬಿದ್ದುಕೊಂಡೆ. ಮದುವೆಯಾದ ಮೇಲೆ ಗೊಂಬೆ ಕೂರಿಸದ ವರ್ಷ ಇದೇ ಮೊದಲು.

ಮಾರನೆಯ ದಿನ ಸಂಜೆ ಆಟ ತೆಗೆದಾಗ ನನ್ನ ಬಿಡಾರದ ಮುಂದಿನ ಕಲ್ಲಿನ ಮೆಟ್ಟಿಲು ಕಣ್ಣಿಗೆ ಬಿತ್ತು. ಅಷ್ಟು ದಿನದಿಂದ ಅಲ್ಲೇ ಇತ್ತು, ನಾನು ಓಡಿ ಹತ್ತುತ್ತಿದ್ದೆ, ಇಳಿಯುತ್ತಿದ್ದೆ. ಉಂಡೆಯನ್ನು ಎತ್ತಿ ಮೇಲಿನ ಮೆಟ್ಟಿಲಲ್ಲಿ ಕೂರಿಸಿದೆ. ಕೂತುಕೊಂಡಿತು. ಅದಕ್ಕೆ ಕೂರುವುದು ಬಿಟ್ಟು ಬೇರೆ ಏನು ತಾನೇ ಬರುತ್ತದೆ? ಕೆಳಗೆ ಬೆಂಕಿಬಾಲದ ನರಿಯನ್ನು ಕೂರಿಸಿದೆ, ಅದು ಎದ್ದು ಮೊಲವನ್ನು ಅಟ್ಟಿಸಿಕೊಂಡು ಹೋಯಿತು. ಹಣ್ಣು ಕೊಟ್ಟು ಮತ್ತೆ ಕೂರಿಸಿದೆ. ಮಣ್ಣಿನ ಗೊಂಬೆಗಳಿಗೆ ಈ ತಾಪತ್ರಯವಿಲ್ಲ. ದಿನಾ ಸಂಜೆ ಒಂದೊಂದು ಸಾಲು ಮಾಡಿದೆ. ಮೀನು, ಹಕ್ಕಿ, ಹಾವಿನಂಥದ್ದು, ಏನೆಂದು ತಿಳಿಯದ್ದು. ಕೆಳಗಿನ ಸಾಲಿನಲ್ಲಿ ಮರಿಗಳನ್ನೆಲ್ಲ ಒತ್ತೊತ್ತಾಗಿ ತುಂಬಿದೆ, ಪಾರ್ಕಿನ ಹಾಗೆ. ಒಂದು ಗೊಂಬೆ ಸರಿಮಾಡುವಷ್ಟರಲ್ಲಿ ಇನ್ನೊಂದು ಎದ್ದು ಹೋಗುತ್ತಿತ್ತು. ಬಯ್ದುಕೊಂಡೇ ಮಾಡಿದೆ.

ಮೇಲಿನ ಮೆಟ್ಟಿಲಲ್ಲಿ ಉಂಡೆಯ ಪಕ್ಕ ಒಂದು ಜಾಗ ಮಾತ್ರ ಖಾಲಿ ಬಿಟ್ಟೆ. ಪಟ್ಟದ ಗೊಂಬೆಯನ್ನು ಒಂದೇ ಕೂರಿಸುವ ಪದ್ಧತಿ ಇಲ್ಲ. ಅದು ನನಗೆ ಗೊತ್ತು, ಚಿಕ್ಕಂದಿನಿಂದ ರಾಣಿಯ ಸೆರಗು ಸರಿಮಾಡುತ್ತಿದ್ದ ಮಗಳಿಗೂ ಗೊತ್ತು. ಬಿಡಾರದ ಬಾಗಿಲು ತೆರೆದಿಟ್ಟರೆ ನಾವು ಆಟದಲ್ಲಿ ಇಲ್ಲದಾಗಲೂ ಪರಿಚಯದವರು ಬಂದು ನೋಡಬಹುದು. ತೆರೆದಿಟ್ಟೆ. ಅವಳು ಬರುತ್ತಾಳೆ ಎಂಬ ನಂಬಿಕೆ ಇತ್ತೇ? ಇರಲಿಲ್ಲ. ಯಾರೂ ಬರದ ಮನೆಯ ಬಾಗಿಲನ್ನು ಹಾಕಲು ಮನಸ್ಸಾಗಲಿಲ್ಲ, ಅಷ್ಟೇ.

ವಿಜಯದಶಮಿ ಕೆಲಸದ ದಿನವೇ ಬಂತು. ಸಂಜೆ ಮನೆಗೆ ಬಂದು ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ, ಎಂದಿನಂತೆ ಇಳಿಯದೆ ಕೂತೆ. ಮೆಕಿನ್ನಿಯಿಂದ ಫೋನ್ ಬಂತು. ಅವರ ಕಡೆ ದಶಮಿಗೆ ಬನ್ನಿ ಎಲೆ ಕೊಟ್ಟು ಹೇಳುವ ಮಾತು ಇದೆ. "ಬನ್ನಿ ತೊಗೊಂಡು ಬಂಗಾರದಂಗ ಇರೋಣು" ಅಂದರು. "ಆಕೀಗೂ ಹೇಳೀನಿ. ಹೂಂ ಅಂದ್ಲು." ನಾನೂ ಹೂಂ ಅಂದೆ.

ದಶಮಿಯ ಸಂಜೆ ಆರತಿ ಮಾಡಿ ಪಟ್ಟದ ಗೊಂಬೆಯನ್ನು ಮಲಗಿಸಬೇಕು. ಮಲಗಿಸಿದರೆ ಹಬ್ಬ ಮುಗಿದಂತೆ. ಉಂಡೆಯನ್ನಾದರೂ ಮಲಗಿಸೋಣ ಎಂದು ಕಾರಿನಲ್ಲೇ ಆಟ ತೆಗೆದೆ.

ಬಿಡಾರದ ಬಾಗಿಲಲ್ಲಿ ಅವಳ ಹುಡುಗಿ ನಿಂತಿದ್ದಳು. ಪಕ್ಕದಲ್ಲಿ ಬೂದು ಜಿಂಕೆ.

ನನ್ನ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು. ಕೈ ಬೀಸಲೂ ಹೆದರಿಕೆ, ಎಲ್ಲಿ ಓಡಿಹೋಗುತ್ತಾಳೋ ಎಂದು. ಅವಳ ತಲೆಯ ಮೇಲೆ ಮಾತಿನ ಗುಳ್ಳೆ ಮೂಡಿತು. ಇಂಗ್ಲಿಷ್ ಅಕ್ಷರ, ಕನ್ನಡದ ಮಾತು. "ಗೊಂಬೆ ಕೂರ್ಸಿದೀರಾ?"

ಮೈಸೂರಿನಲ್ಲಿ ನಾವು ಚಿಕ್ಕವರಿದ್ದಾಗ ಮನೆ ಮನೆಗೆ ಹೋಗಿ ಬಾಗಿಲಲ್ಲಿ ಹೀಗೇ ಕೂಗುತ್ತಿದ್ದೆವು. ಗೊಂಬೆ ನೋಡಿದ ಮಕ್ಕಳಿಗೆ ಆ ಮನೆಯವರು ಚರ್ಪು ಅಂತ ಉಂಡೆಯೋ ಚಕ್ಕುಲಿಯೋ ಕೈಗೆ ಹಾಕುತ್ತಿದ್ದರು. ಇದನ್ನು ಪ್ರತಿ ವರ್ಷ ಅವಳಿಗೆ ಹೇಳಿದ್ದೇನೆ. ಅವಳು ಫೋನಿನಿಂದ ಕಣ್ಣೆತ್ತದೆ, "ಐ ನೋ, ಅಮ್ಮ" ಅನ್ನುತ್ತಿದ್ದಳು.

ಕೂರ್ಸಿದೀವಿ, ಬನ್ನಿ ಎಂದು ಬರೆದೆ. ಜಿಂಕೆ ಮೆಟ್ಟಿಲು ಹತ್ತಿತು, ನರಿಯನ್ನು ದಾಟಿ, ಹಕ್ಕಿಗಳನ್ನು ದಾಟಿ, ಉಂಡೆಯ ಪಕ್ಕದ ಖಾಲಿ ಜಾಗದಲ್ಲಿ ಹೋಗಿ ಕೂತಿತು. ನಾನು ಚೀಲದಲ್ಲಿದ್ದ ಹಣ್ಣನ್ನೆಲ್ಲ ತೆಗೆದು ಅವಳ ಹುಡುಗಿಯ ಕೈಗೆ ಹಾಕಿದೆ. ಮುಟ್ಟದೆ ಬಿಟ್ಟ ಪ್ರಾಣಿಗಳು ಒಂದೊಂದಾಗಿ ಮುದುಡಿದವು. ಮೊದಲು ಉಂಡೆ, ಆಮೇಲೆ ಅದಕ್ಕೆ ಒರಗಿಕೊಂಡು ಜಿಂಕೆ.

ಫೋನ್ ಬಡಿಯಿತು.

"ಅಮ್ಮ. ಅಮ್ಮ, ಐ ಆಮ್ ಸೋ ಟೈರ್ಡ್. ಐ ಡೋಂಟ್ ನೋ ವೈ."

ಬೇಗ ಮಲಗು, ಹಾಲು ಕುಡಿ, ತಲೆಗೆ ಎಣ್ಣೆ ಹಚ್ಚು. ಇಷ್ಟು ವರ್ಷ ಇಂಥದ್ದಕ್ಕೆಲ್ಲ ಕೊಡುತ್ತಿದ್ದ ಉತ್ತರಗಳು ಸಾಲಾಗಿ ಬಾಯಿಗೆ ಬಂದವು. ಒಂದನ್ನೂ ಹೇಳಲಿಲ್ಲ.

"ನಂಗೂ ಸುಸ್ತಾಗಿದೆ ಕಣೇ" ಅಂದೆ. "ತುಂಬಾ. ಗ್ಯಾರೇಜಲ್ಲಿ ಕಾರೊಳ್ಗೆ ಕೂತಿದೀನಿ. ದಿನಾ ಕೂತಿರ್ತೀನಿ."

ಆ ಕಡೆ ಅಳು ಶುರುವಾಯಿತು. ಈ ಕಡೆಯೂ ಶುರುವಾಯಿತು. ಫ್ಲೂಗರ್‌ವಿಲ್‌ನ ಗೆಳತಿ ಹೇಳಿದ್ದ ಸುಳ್ಳು ಕೊನೆಗೂ ನಿಜವಾಯಿತು. ಬಹಳ ಹೊತ್ತಾದ ಮೇಲೆ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು.

"ಏನಾದ್ರೂ ತಿಂದ್ಯಾ?" ಎಂದು ಕೇಳಿಯೇಬಿಟ್ಟೆ. "ಯಾರ ಕೈಲಾದ್ರೂ ಊಟ..."

"ನೋ!" ಅಂದಳು. ಆಮೇಲೆ, ವರ್ಷಗಟ್ಟಲೆ ನನ್ನ ಮಾತಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ, ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳಿದಳು. "ಆಂಟಿ ಬೇಡ. ನೀನ್ ಬಾ."

ಕಾರಿನಲ್ಲೇ ಕೂತಿದ್ದೆನಲ್ಲ. ಗ್ಯಾರೇಜ್ ಬಾಗಿಲು ಎತ್ತಿದೆ.